ಮೇಲೆ ‘ಟವರ್’, ಲೆನ್ಸ್ ಮೇಲೆ ‘ನಿಕ್ಕೋರ್’: ಇದು ಯಾರ ಕ್ಯಾಮೆರಾ?

ಪ್ರಶ್ನೆ, ಮಂಗಳೂರಿನಿಂದ: ದೊಡ್ಡಪ್ಪ ಅಮೆರಿಕದಿಂದ ತಂದಿದ್ದ ಹಳೇ ಕ್ಯಾಮೆರಾ ಕಪಾಟಿನಲ್ಲಿ ಸಿಕ್ಕಿತು. ನೋಡೋಕೆ ಥೇಟ್ ಜರ್ಮನಿಯ ಲೈಕಾ ಕ್ಯಾಮೆರಾ. ಮೇಲೆ ‘ಟವರ್’ ಅಂತಿದೆ, ಸಣ್ಣಕ್ಷರದಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತಿದೆ. ಲೆನ್ಸ್ ನಿಕ್ಕೋರ್ 5 ಸೆಂ.ಮೀ., ಎಫ್/2. ಇದನ್ನು ಮಾಡಿದ್ದು ಯಾರು? ರಿಪೇರಿಗೆ ದುಡ್ಡು ಹಾಕಬಹುದಾ? ಬಳಸಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ: ಟವರ್ ಅಂತ ಕ್ಯಾಮೆರಾ ಕಂಪನಿ ಇರಲಿಲ್ಲ ಸರ್. ಅಮೆರಿಕದ ದೊಡ್ಡ ಅಂಗಡಿ ಸಂಸ್ಥೆ ಸಿಯರ್ಸ್‌ನವರು ಬೇರೆಯವರ ಕ್ಯಾಮೆರಾ ತರಿಸಿ ಆ ಹೆಸರಲ್ಲಿ ಮಾರುತ್ತಿದ್ದರು. ಜಪಾನಿನ ಅಸಾಹಿ ಕಂಪನಿಯ ಎಸ್‌ಎಲ್‌ಆರ್‌ಗಳೂ (ಒಳಗಿನ ಕನ್ನಡಿಯಿಂದ ಲೆನ್ಸ್ ಮೂಲಕವೇ ನೋಡೋ ಕ್ಯಾಮೆರಾಗಳು) ಹೀಗೇ ಬಂದಿವೆ. ಲೈಕಾ ಆಕಾರ, ಜೊತೆಗೆ ನಿಕ್ಕೋರ್ ಲೆನ್ಸ್ ಅಂದರೆ ನಿಮ್ಮದು ಬಹುತೇಕ ಜಪಾನಿನ ನಿಕ್ಕಾ ಕಂಪನಿಯದ್ದು.

1940ರಲ್ಲಿ ಕ್ಯಾನನ್ ಬಿಟ್ಟು ಬಂದ ಕೆಲವರು ಸೇರಿ ಕಟ್ಟಿದ ಪುಟ್ಟ ಕಂಪನಿ ಅದು. ಯುದ್ಧದ ಕಾಲ, ಜಪಾನಿನಲ್ಲಿ ಲೈಕಾ ಸಿಗುತ್ತಿರಲಿಲ್ಲ. ಇವರು ಅದರ ನಕಲು ಮಾಡಿ ‘ನಿಪ್ಪಾನ್’ ಅಂತ ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಅದೇ ನಿಕ್ಕಾ ಆಯಿತು. ಜರ್ಮನಿ ಸೋತಿತ್ತು, ಅದರ ಪೇಟೆಂಟ್‌ಗಳಿಗೆ ಹೆದರಬೇಕಾದ್ದೂ ಇರಲಿಲ್ಲ. ನಕಲು ಅಂತ ಮೂಗು ಮುರಿಯಬೇಡಿ, ಕೆಲಸ ಅಚ್ಚುಕಟ್ಟು. ಲೆನ್ಸ್ ಮಾತ್ರ ನಿಪ್ಪಾನ್ ಕೊಗಾಕು, ಅಂದರೆ ಇವತ್ತಿನ ನಿಕಾನ್‌ನವರದ್ದು. 1950ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಫೋಟೋಗ್ರಾಫರ್ ಡೇವಿಡ್ ಡಗ್ಲಸ್ ಡಂಕನ್ ಕೊರಿಯಾ ಯುದ್ಧಕ್ಕೆ ಹೋದಾಗ ತಮ್ಮ ಲೈಕಾಗೆ ಹಾಕಿಕೊಂಡಿದ್ದು ನಿಕ್ಕೋರ್ ಲೆನ್ಸನ್ನೇ.

‘ಆಕ್ಯುಪೈಡ್ ಜಪಾನ್’ ಅಂದರೆ ಯುದ್ಧ ಸೋತ ಮೇಲೆ ಮಿತ್ರರಾಷ್ಟ್ರಗಳ ಆಡಳಿತದಲ್ಲಿದ್ದ ಜಪಾನ್. ಆ ಆಡಳಿತ ಇದ್ದದ್ದು 1952ರ ಏಪ್ರಿಲ್‌ವರೆಗೆ. ಹಾಗಾಗಿ ನಿಮ್ಮದು ಅದಕ್ಕಿಂತ ಹಳೆಯದೇ.

ಶಿವಮೊಗ್ಗದಿಂದ: ನನ್ನ ಹತ್ತಿರ ನಿಕ್ಕಾ ಇದೆ, ಈಗಲೂ ರೀಲು ಹಾಕುತ್ತೇನೆ. ಮೊದಲು ಲೆನ್ಸ್ ತಿರುಗಿಸಿ ತೆಗೆಯಿರಿ. ಒಳಗೆ ಕಪ್ಪು ಬಟ್ಟೆಯ ಪರದೆ ಕಾಣುತ್ತೆ, ಅದೇ ಶಟರ್. ರಬ್ಬರ್ ಲೇಪನ ಬಿರುಕು ಬಿಟ್ಟಿದೆಯಾ, ಸುಕ್ಕಾಗಿದೆಯಾ ನೋಡಿ. ಹಿಂದೆ ಬಾಗಿಲಿಲ್ಲ, ರೀಲು ತಳದಿಂದಲೇ ಒಳಗೆ ಹೋಗೋದು. ಹಾಗಾಗಿ ಸೂಜಿ ಮೊನೆಯಷ್ಟು ತೂತು ಕಣ್ಣಿಗೆ ಬೀಳಲ್ಲ. ಒಂದು ರೀಲು ಫೋಟೋ ತೆಗೆದು ನೋಡಿ. ಫೋಟೋಗಳಲ್ಲಿ ಮತ್ತೆ ಮತ್ತೆ ಅದೇ ಜಾಗದಲ್ಲಿ ಬಿಳಿ ಚುಕ್ಕೆ ಬಂದರೆ ಪರದೆ ಬದಲಿಸಲೇಬೇಕು. ರೀಲಿನ ತುದಿಯನ್ನು ಹತ್ತು ಸೆಂ.ಮೀ. ಉದ್ದಕ್ಕೂ ಅಗಲ ಕಡಿಮೆಯಾಗುವಂತೆ ಕತ್ತರಿಸಿ, ಆಮೇಲೆ ಒಳಗೆ ಹಾಕಿ, ಇಲ್ಲದಿದ್ದರೆ ಒಳಗೆ ಸಿಕ್ಕಿಕೊಳ್ಳುತ್ತೆ.

ಇನ್ನೊಂದು ಮಾತು: ಸ್ಪೀಡ್ ಬದಲಿಸೋ ಮುಂಚೆ ರೀಲು ಸುತ್ತಿ. ಆಮೇಲೆ ಡಯಲ್ ಎತ್ತಿ ತಿರುಗಿಸಿ. ಬಿಸಿಲಲ್ಲಿ ಮುಚ್ಚಳ ಹಾಕದೆ ಇಡಬೇಡಿ. ಲೆನ್ಸ್ ಭೂತಗನ್ನಡಿಯ ಥರ ಸೂರ್ಯನನ್ನು ಹಿಡಿದು ಪರದೆ ಸುಟ್ಟುಬಿಡುತ್ತೆ.

ಧಾರವಾಡದಿಂದ: ನಾನು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ರಿಪೇರಿಗೆ ಹೋಗಲ್ಲ. ಪರದೆ ಬದಲಿಸೋ ಖರ್ಚು ಜಾಸ್ತಿ, ಕೈ ಪಳಗಿದವರೂ ಕಡಿಮೆ. ಲೆನ್ಸ್ ಒಂದಕ್ಕೇ ಬೆಲೆ ಇದೆ. ಅದು ಲೈಕಾದ 39 ಮಿ.ಮೀ. ಸ್ಕ್ರೂ, ಅಡಾಪ್ಟರ್ ಹಾಕಿದರೆ ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾಗೆ ಕೂರುತ್ತೆ. ಒಳಕ್ಕೆ ಸರಿಯುವ ಲೆನ್ಸ್ ಆಗಿದ್ದರೆ ಹೊರಗೆ ಎಳೆದೇ ಇಟ್ಟಿರಿ, ಒಳಗೆ ತಳ್ಳಿದರೆ ಸೆನ್ಸರ್‌ಗೆ ತಾಗಬಹುದು. ಮಂಗಳೂರಿನ ಮಳೆಗೆ ಬೂಷ್ಟು ಹಿಡಿದಿರುತ್ತೆ, ಟಾರ್ಚ್ ಹಾಕಿ ನೋಡಿ.

ಬೆಂಗಳೂರಿನವರೇ ಮತ್ತೆ: ಧಾರವಾಡದವರ ಲೆಕ್ಕ ಸರಿ. ಆದರೂ ಈ ಬಾಡಿ ಮತ್ತೆ ಹುಟ್ಟಲ್ಲ ಅಲ್ವಾ. 1954ರಲ್ಲಿ ಲೈಕಾದವರ ಹೊಸ ಮಾದರಿ ಎಂ3 ಬಂತು, ನಿಕ್ಕಾ ನಕಲು ಮಾಡಿದ್ದ ಹಳೇ ವಿನ್ಯಾಸ ಹಿಂದೆ ಬಿತ್ತು. 1958ರಲ್ಲಿ ನಿಕ್ಕಾವನ್ನು ಜಪಾನಿನದೇ ಯಾಶಿಕಾ ಕಂಪನಿ ಕೊಂಡಿತು. ವೈಇ, ವೈಎಫ್ ಅಂತ ಎರಡು ಮಾದರಿ ಬಿಟ್ಟರು. ಅಷ್ಟರಲ್ಲಿ ನಿಕಾನ್ ಎಫ್ ಬಂದು ಜನ ಎಸ್‌ಎಲ್‌ಆರ್ ಕಡೆ ವಾಲಿದರು. ಪರದೆ ಚೆನ್ನಾಗಿದ್ದರೆ ಸುಮ್ನೆ ಎಣ್ಣೆ, ಕ್ಲೀನಿಂಗ್ ಮಾಡಿಸಿ ಬಳಸಿ. ಹರಿದಿದ್ದರೆ ಮೊದಲು ಖರ್ಚು ಎಷ್ಟು ಅಂತ ಕೇಳಿ, ಆಮೇಲೆ ಇಲ್ಲಿ ಬರೆದು ತಿಳಿಸಿ.