ಲಾರಿಯ ಇಸಿಎಂ ಹೋಗಿದೆ ಅಂತಾರೆ: ಹೊಸದು ಹಾಕಿಸೋದಾ, ಗುಜರಿಯದಾ?

ಹಾವೇರಿ ಆರು ಚಕ್ರ:
ನಮಸ್ಕಾರ್ರೀ. ನನ್ನದು 2012ರ ಲಾರಿ, ಬಿಎಸ್-3 ಹೊಗೆ ನಿಯಮದ್ದು, ಕಾಮನ್ ರೈಲ್, ಅಂದರೆ ಡೀಸೆಲ್ ಹೊಡೆಯೋದನ್ನು ಕಂಪ್ಯೂಟರ್ ನಡೆಸುವ ಎಂಜಿನ್. ಗೋವಿನಜೋಳ ಹೊಡೆಯುತ್ತೇನೆ. ಹದಿನೈದು ದಿನದಿಂದ ಎಂಜಿನ್ ಬಿಸಿಯಾದ ಮೇಲೆ ಪಿಕಪ್ ಬಿಡುತ್ತದೆ, ಆಮೇಲೆ ಬಂದ್. ಅರ್ಧ ತಾಸು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಚಾಲೂ ಆಗುತ್ತದೆ. ಸ್ಕ್ಯಾನರ್ ಒಮ್ಮೆ ಕನೆಕ್ಟ್ ಆಗುತ್ತದೆ, ಒಮ್ಮೆ ಇಲ್ಲ. ಮಿಸ್ತ್ರಿ ಇಸಿಎಂ, ಅದೇ ಎಂಜಿನ್ ನಡೆಸುವ ಕಂಪ್ಯೂಟರ್ ಬಾಕ್ಸ್, ಹೋಗಿದೆ ಅಂತಾನೆ. ಹೊಸದು 82 ಸಾವಿರ, ಗುಜರಿಯದು 24 ಸಾವಿರ, ಇದನ್ನೇ ರಿಪೇರಿ ಮಾಡಿಸಿದರೆ 11 ಸಾವಿರ. ಮಾಡಿಸಿದವರು ಹೇಳಿ.

ಬ್ಯಾಡಗಿ ಲೋಡ್:
ಹೊಸದೇ ಹಾಕಿಸಿ, ಸುಮ್ನೆ ತಲೆ ಕೆಡಿಸ್ಕೋಬೇಡಿ. ನನ್ನದು ಹೋಗಿದ್ದು ಸಂಕ್ರಾಂತಿ ಮುಂದೆ, ಮೆಣಸಿನಕಾಯಿ ಸೀಸನ್ ತುಂಬಿ ತುಳುಕುವಾಗ. ಮೋಟೆಬೆನ್ನೂರು ಹತ್ತಿರ ಹೈವೇ ಬದಿಗೆ ನಿಂತಿತು, ಮೇಲೆ ಫುಲ್ ಲೋಡ್. ಟೋಯಿಂಗ್ 6,500. ಚೀಲ ಬೇರೆ ಗಾಡಿಗೆ ದಾಟಿಸಿದ ಹಮಾಲಿ 3,200. ಬಾಕ್ಸ್ 86,000. ಬಾಕ್ಸಿಗೆ ಗಾಡಿಯ ಮಾಹಿತಿ ತುಂಬುವ ಕೋಡಿಂಗ್ 4,500. ಕಂತು ತಪ್ಪಿದ್ದಕ್ಕೆ ದಂಡ 1,180. ಒಟ್ಟು 1,01,380. ಚೀಟಿ ಇನ್ನೂ ಕ್ಯಾಬಿನ್ನಲ್ಲೇ ಇದೆ. ಹನ್ನೊಂದು ದಿನದ ಬಾಡಿಗೆ ಹೋಗಿದ್ದು ಇದರಲ್ಲಿ ಹಿಡಿದಿಲ್ಲ.

ಹೊಸದು ಹಾಕಿದ ಕೂಡಲೇ ಮುಗೀತು ಅಂದ್ಕೋಬೇಡಿ. ಚಾಲೂ ಆಯಿತು, ಆದರೆ ನ್ಯೂಟ್ರಲ್‌ನಲ್ಲಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು, ಬಿಳಿ ಹೊಗೆ ಬೇರೆ. ನೋಡಿದರೆ ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವುದು) ಕೋಡ್ ಹಾಕೇ ಇಲ್ಲ. ಒಂದೊಂದು ಇಂಜೆಕ್ಟರ್ ತಲೆ ಮೇಲೂ ಅದರದೇ ಕೋಡ್ ಕೊರೆದಿರುತ್ತದೆ, ಅಷ್ಟನ್ನೂ ಹೊಸ ಬಾಕ್ಸಿಗೆ ತುಂಬಬೇಕು. ನಾಲ್ಕನೇದರ ಮೇಲೆ ಮಸಿ ಕಟ್ಟಿತ್ತು. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಬೆಳಕು ಹಿಡಿದು ನೋಡಿದೆವು. ಹುಡುಗ 8 ಅಂತಾನೆ, ನಾನು ಇಂಗ್ಲಿಷ್ ಬಿ ಅಂತೀನಿ. ಫೋಟೋ ತೆಗೆದು ದೊಡ್ಡದು ಮಾಡಿದರೆ ಬಿ! ಅದನ್ನು ಹಾಕಿದ ಮೇಲೆ ಎಂಜಿನ್ ಹೊಲಿಗೆ ಮಷಿನ್ ಹಾಗೆ ಓಡಿತು.

ಗಬ್ಬೂರು ಬೈಪಾಸ್:
ಲಕ್ಷ ರೂಪಾಯಿ ಬಾಕ್ಸಾ? ನಿಮಗೆ ಮೆಣಸಿನಕಾಯಿ ದುಡ್ಡು ಇದೆ, ಹಾಕಿಸಿದಿರಿ. ನಾನು 19 ಸಾವಿರಕ್ಕೆ ಗುಜರಿಯದು ತಂದೆ. ಪಾರ್ಟ್ ನಂಬರ್‌ನ ಕೊನೆ ಎರಡು ಅಂಕಿ ಬೇರೆ ಇತ್ತು, "ಏನೂ ಆಗಲ್ಲ ಸಾಹುಕಾರ್ರೇ" ಅಂದ ಮಾರಿದವ. ಆಯಿತು. ಟಾಪ್ ಗೇರಿನಲ್ಲಿ 40 ದಾಟಲಿಲ್ಲ, ಖಾಲಿ ಗಾಡಿ! ವಾಪಸ್ ಒಯ್ದರೆ ಎಲೆಕ್ಟ್ರಾನಿಕ್ ಸಾಮಾನು ಹಿಂದಕ್ಕೆ ತಗೊಳ್ಳಲ್ಲ ಅಂದ. ಆಮೇಲೆ ನಂಬರ್ ಪೂರಾ ಕೂಡುವ ಇನ್ನೊಂದು, 21 ಸಾವಿರ. ಹಳೇ ಬಾಕ್ಸಿನ ಮೆಮೊರಿ ತೆಗೆದು ಇದಕ್ಕೆ ಕಾಪಿ ಹೊಡೆಸಿದ್ದಕ್ಕೆ 6 ಸಾವಿರ. ಇಂಜೆಕ್ಟರ್ ಕೋಡೂ ಅದರ ಜೊತೆಗೇ ಬಂತು, ಮಸಿ ಒರೆಸುವ ಕೆಲಸ ಇಲ್ಲ. ಎರಡು ವರ್ಷದಿಂದ ಅರಬೈಲ್ ಘಾಟ್ ಇಳಿದು ಅಂಕೋಲಾಕ್ಕೆ ಹೋಗಿ ಬರ್ತಿದ್ದೀನಿ.

ಬ್ಯಾಡಗಿ ಲೋಡ್:
46 ಸಾವಿರ ಕೊಟ್ಟು ಗುಜರಿ ತಂದಿದ್ದಕ್ಕೆ ಹೆಮ್ಮೆ ಬೇರೆ.

ಗದಗ ವೈರಿಂಗ್:
ಇಬ್ಬರೂ ದುಡ್ಡು ಸುರಿದವರೇ. ಒಬ್ಬರಾದರೂ ಅರ್ಥ್, ಅಂದರೆ ಬ್ಯಾಟರಿ ನೆಗೆಟಿವ್ ಕನೆಕ್ಷನ್, ನೋಡಿದಿರಾ? ಮೀಟರ್ ಹಿಡಿದಿರಾ? ಇಸಿಎಂ ಹೋಗಿದೆ ಅಂತ ನನ್ನ ಹತ್ತಿರ ಬಂದ ಎಷ್ಟೋ ಗಾಡಿಗಳಲ್ಲಿ ಬಾಕ್ಸ್ ಚೆನ್ನಾಗೇ ಇತ್ತು. ಮುಂಡರಗಿ ರೋಡಿನ ಒಂದು ಟಿಪ್ಪರ್, ಇದೇ ಕಂಪ್ಲೇಂಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಬಾಕ್ಸಿನ ಅರ್ಥ್ ಪಿನ್ನಿಗೂ ಮೀಟರ್ ಇಟ್ಟರೆ ಎರಡು ವೋಲ್ಟ್ ತೋರಿಸಿತು. ಹತ್ತಿರ ಹತ್ತಿರ ಸೊನ್ನೆ ಇರಬೇಕಾದ ಜಾಗ ಅದು. ಚಾಸಿಗೆ ಹೋಗುವ ಅರ್ಥ್ ಕೇಬಲ್ ಹೊರಗೆ ಕಪ್ಪಗೆ ಹೊಸದರ ಹಾಗೆ. ಸಿಪ್ಪೆ ಸುಲಿದರೆ ಒಳಗಿನ ತಾಮ್ರ ಹಸಿರು ಪುಡಿ, ಬೆರಳಿಗೆ ಹತ್ತಿತು. ಕೇಬಲ್ 350 ರೂಪಾಯಿ, ನನ್ನ ಕೂಲಿ 400.

ಆಮೇಲೆ ಸೆನ್ಸರ್. ಹಲವು ಸೆನ್ಸರ್‌ಗೆ ಬಾಕ್ಸಿನಿಂದಲೇ 5 ವೋಲ್ಟ್ ಬರುತ್ತದೆ. ಒಂದು ಶಾರ್ಟ್ ಆದರೆ ಆ ಲೈನಿನ ಎಲ್ಲವೂ ಮಲಗುತ್ತವೆ. ಒಂದೊಂದೇ ಪ್ಲಗ್ ಕೀಳುತ್ತ ಹೋಗಿ, 5 ವೋಲ್ಟ್ ಯಾವಾಗ ವಾಪಸ್ ಬಂತು ನೋಡಿ. ಸ್ಕ್ಯಾನರ್ ಹತ್ತದಿದ್ದರೆ ಬ್ಯಾಟರಿ ಬಿಚ್ಚಿ ಕ್ಯಾನ್ ಲೈನಿನ (ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಲೈನ್) ಎರಡು ವೈರ್ ನಡುವೆ ಓಮ್ ಅಳೆಯಿರಿ. 60 ಇರಬೇಕು. 120 ಬಂದರೆ ಒಂದು ಕಡೆ ಕಿತ್ತಿದೆ ಅಂತ ಅರ್ಥ.

ಹಾವೇರಿ ಆರು ಚಕ್ರ:
ಅಣ್ಣಾ, ನನ್ನದು ಬಿಸಿ ಆದಾಗ ಮಾತ್ರ ಬಂದ್ ಆಗೋದು. ಅದಕ್ಕೂ ಅರ್ಥ್‌ಗೂ ಸಂಬಂಧ ಇದೆಯಾ?

ಗಬ್ಬೂರು ಬೈಪಾಸ್:
ಗದಗದವರು ಹಂಗೇ, ಎಲ್ಲದಕ್ಕೂ ಅರ್ಥ್. ನನ್ನ ಬಾಕ್ಸ್ ನಿಜಕ್ಕೂ ಸತ್ತಿತ್ತು. ಗಾಡಿಯ ಬಾಡಿ ಮೇಲೆ ಹುಕ್ ವೆಲ್ಡಿಂಗ್ ಮಾಡಿಸಿದ ಮಾರನೇ ದಿನ ಕೀ ತಿರುಗಿಸಿದರೆ ಚೆಕ್ ಲೈಟೇ ಬರಲಿಲ್ಲ.

ಗದಗ ವೈರಿಂಗ್:
ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿದ್ರಾ?

ಗಬ್ಬೂರು ಬೈಪಾಸ್:
ಎರಡು ನಿಮಿಷದ ಕೆಲಸಕ್ಕೆ ಯಾರ್ರೀ ಬಿಚ್ಚುತ್ತಾರೆ?

ಗದಗ ವೈರಿಂಗ್:
46 ಸಾವಿರ ಕೊಟ್ಟವರು ಬಿಚ್ಚುತ್ತಾರೆ. ಮುಂದಿನ ಸಲ ಬಾಕ್ಸಿನ ಕನೆಕ್ಟರ್ ಕೂಡ ಕಿತ್ತಿಡಿ.

ಹಳೇ ಪಂಪು:
ಇದಕ್ಕೇ ನಾನು 1998ರ ಗಾಡಿ ಮಾರಿಲ್ಲ. ಡೀಸೆಲ್ ಪಂಪು, ಎಂಜಿನ್ ವೇಗ ಹಿಡಿದಿಡುವ ಗವರ್ನರ್, ಮುಗೀತು. ದಾರಿಯಲ್ಲಿ ನಿಂತರೆ ಪೈಪ್ ಸಡಿಲ ಮಾಡಿ, ಏರ್ ತೆಗೆದು ಹೊರಡ್ತೀನಿ. ಮೀಟರೂ ಬೇಡ, ಓಮೂ ಬೇಡ.

ಬ್ಯಾಡಗಿ ಲೋಡ್:
ಅಣ್ಣಿಗೇರಿಯಿಂದ ಹುಬ್ಬಳ್ಳಿವರೆಗೆ ನಿಮ್ಮ ಹೊಗೆ ಕುಡಿದವನು ನಾನೇ ಇರಬೇಕು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೆಂಗೆ ಆಗುತ್ತದೋ ದೇವರಿಗೇ ಗೊತ್ತು.

ಹಳೇ ಪಂಪು:
ನನ್ನ ಎಫ್‌ಸಿ ಚಿಂತೆ ನಿಮಗೆ ಬೇಡ. ಕಂತು ಕಟ್ಟಿ ಮೊದಲು.

ಹಾವೇರಿ ಆರು ಚಕ್ರ:
ಜಗಳ ಬಿಡ್ರೀ. ಬಿಸಿ ಆದಾಗ?

ಗದಗ ವೈರಿಂಗ್:
ತಮ್ಮಾ, ಬಿಸಿಗೆ ಬಾಕ್ಸ್ ಒಳಗಿನ ಬೆಸುಗೆ ಬಿಟ್ಟಿರಬಹುದು, ಎಂಜಿನ್ ತಿರುಗೋದನ್ನು ಬಾಕ್ಸಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೂಡ ಹೀಗೇ ಆಡುತ್ತದೆ. ಬಂದ್ ಆದ ಕೂಡಲೇ, ಆರುವ ಮುಂಚೆ, ಸೆಲ್ಫ್ ಹೊಡೆದು ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡು. ಸೊನ್ನೆ ಇದ್ದರೆ ಮೊದಲು ಸೆನ್ಸರ್ ಬದಲಿಸು. ಸ್ಕ್ಯಾನರೇ ಹತ್ತದಿದ್ದರೆ ಬಾಕ್ಸಿಗೆ 24 ವೋಲ್ಟ್ ಬರ್ತಿದೆಯಾ ನೋಡು, ಮೇನ್ ರಿಲೇ ಬದಲಿಸಿ ನೋಡು. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಬ್ಯಾಡಗಿಯವರದೂ ಬಾಕ್ಸ್ ಹೋಗಿರಲಿಲ್ಲ ಅಂತ ನನ್ನ ಲೆಕ್ಕ.

ಬ್ಯಾಡಗಿ ಲೋಡ್:
ನೋಡದೇ ಹೇಳೋಕೆ ನೀವೇನು ಜ್ಯೋತಿಷಿಯಾ? ಹಳೇ ಬಾಕ್ಸ್ ನಮ್ಮ ಮನೆ ಅಟ್ಟದ ಮೇಲಿದೆ. ಬನ್ನಿ, ನನ್ನ ಗಾಡಿಗೇ ಹಾಕಿ ಚಾಲೂ ಮಾಡಿ ತೋರಿಸಿ. ಚಾಲೂ ಆದರೆ ಬಾಕ್ಸ್ ನಿಮಗೇ, ಊಟನೂ ನನ್ನದು.

ಗದಗ ವೈರಿಂಗ್:
ಭಾನುವಾರ ಬರ್ತೀನಿ. ಹೊಸ ಅರ್ಥ್ ಕೇಬಲ್ ತರ್ತೀನಿ, 350 ತೆಗೆದಿಟ್ಟಿರಿ.