ಟಾಮ್‌ಕ್ಯಾಟ್ ಸರ್ವರ್‌ಗೆ ಯಾವ ಓಎಸ್ ಹಾಕಬೇಕು?

ಹೊಸಸರ್ವರ್:

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಒಂದು ಜಾವಾ ಅಪ್ಲಿಕೇಶನ್ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಮೇಲೆ ಓಡುತ್ತಿದೆ. ಜಾವಾ 8, ಅಪ್ಲಿಕೇಶನ್ ಓಡಿಸುವ ವೆಬ್ ಸರ್ವರ್ ಟಾಮ್‌ಕ್ಯಾಟ್ 9, ಒಂದೇ ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಫೈಲ್). ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿದೆ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿದೆ, ಇನ್ನೂ ಅದರ ಮೇಲೆಯೇ ಕೂತಿರುವುದು ಸರಿಯಲ್ಲ ಅಂತ ನನಗೂ ಗೊತ್ತು. ಈಗ 8 ಜಿಬಿ ಮೆಮೊರಿಯ ಹೊಸ ವಿಎಂ (ವರ್ಚುವಲ್ ಮೆಷಿನ್) ಸಿಕ್ಕಿದೆ. ಇದನ್ನು ನೋಡಿಕೊಳ್ಳುವವರು ನಾವಿಬ್ಬರೇ, ಇಬ್ಬರಿಗೂ ವಿಂಡೋಸ್ ಚೆನ್ನಾಗಿ ಗೊತ್ತು, ಲಿನಕ್ಸ್ ಅಂದರೆ ಲಾಗ್ ನೋಡುವುದು, ಸರ್ವೀಸ್ ರೀಸ್ಟಾರ್ಟ್ ಮಾಡುವುದು, ಅಷ್ಟೇ. ಹಾಗಾಗಿ ಮನಸ್ಸು ವಿಂಡೋಸ್ ಸರ್ವರ್ 2022 ಕಡೆಗಿದೆ. ಒಬ್ಬ ಗೆಳೆಯ ಉಬುಂಟು 24.04 ಅನ್ನುವ ಲಿನಕ್ಸ್ ಹಾಕು ಅನ್ನುತ್ತಾನೆ, ಇನ್ನೊಬ್ಬ ಆಲ್ಪೈನ್ ಅನ್ನುವ ಚಿಕ್ಕ ಲಿನಕ್ಸ್ ಇರುವ ಕಂಟೇನರ್ (ಅಪ್ಲಿಕೇಶನನ್ನು ಬೇಕಾದದ್ದರ ಜೊತೆ ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಅನ್ನುತ್ತಾನೆ. ಜಾವಾ ಎಲ್ಲಿ ಬೇಕಾದರೂ ಓಡುತ್ತದೆ ಅಲ್ವಾ? ಹಾಗಾದರೆ ಓಎಸ್ ಯಾವುದಾದರೇನು?

ರಾತ್ರಿಪಾಳಿ:

ವಾರ್ ಫೈಲ್ ಎರಡೂ ಕಡೆ ಓಡುತ್ತದೆ. ತೊಂದರೆ ಬರುವುದು ಅದರ ಸುತ್ತಮುತ್ತ. ವಿಂಡೋಸ್‌ನಲ್ಲಿ ಟಾಮ್‌ಕ್ಯಾಟ್ ತೆರೆದಿಟ್ಟುಕೊಂಡಿರುವ ಜಾರ್ ಫೈಲನ್ನು (ಜಾವಾ ಲೈಬ್ರರಿ ಫೈಲ್) ಅಳಿಸಲು ಆಗುವುದಿಲ್ಲ, ಹಾಗಾಗಿ ಓಡುತ್ತಿರುವಾಗಲೇ ಹೊಸ ವಾರ್ ಹಾಕಿದರೆ ಹಳೆಯ ಫೋಲ್ಡರ್ ಎಷ್ಟೋ ಸಲ ಅರ್ಧಂಬರ್ಧ ಉಳಿದುಬಿಡುತ್ತದೆ. ಪ್ರತಿ ಸಲವೂ ಸರ್ವೀಸ್ ನಿಲ್ಲಿಸಿ, ಫೋಲ್ಡರ್ ಅಳಿಸಿ, ಆಮೇಲೆ ಶುರು ಮಾಡುವುದನ್ನು ರೂಢಿ ಮಾಡಿಕೊಳ್ಳಬೇಕು. ಎರಡನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ರೀತಿ. ಜಾವಾ 18ರಿಂದ ಈಚೆಗೆ ಡೀಫಾಲ್ಟ್ ಯುಟಿಎಫ್-8 ಆಗಿದೆ, ಅದಕ್ಕಿಂತ ಮೊದಲು ಓಎಸ್ ಹೇಳಿದ್ದೇ ಡೀಫಾಲ್ಟ್. ನಿಮ್ಮದು ಜಾವಾ 8. ಕೋಡ್‌ನಲ್ಲಿ ಎನ್‌ಕೋಡಿಂಗ್ ಹೇಳದೆ ಫೈಲ್ ಓದಿ ಬರೆಯುವ ಜಾಗ ಒಂದಿದ್ದರೂ ವಿಂಡೋಸ್‌ಗೆ ಹೋದ ದಿನ ಕನ್ನಡ ಅಕ್ಷರವೆಲ್ಲ ಪ್ರಶ್ನೆಚಿಹ್ನೆ ಆಗಬಹುದು.

ನನ್ನನ್ನು ಕೇಳಿದರೆ ರಾಕಿ ಲಿನಕ್ಸ್ 9 ಅಥವಾ ಆಲ್ಮಾ ಲಿನಕ್ಸ್ 9. ಎರಡೂ ಸೆಂಟ್‌ಓಎಸ್ ಜಾತಿಯವೇ, ನೀವು ಬರುತ್ತಿರುವುದೂ ಅಲ್ಲಿಂದಲೇ, ಫೋಲ್ಡರ್‌ಗಳು, ಸರ್ವೀಸ್ ಫೈಲು, ಪ್ಯಾಕೇಜ್ ಹೆಸರು ಎಲ್ಲ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅಪ್‌ಡೇಟ್ 2032ರವರೆಗೆ ಸಿಗುತ್ತದೆ. ಉಬುಂಟು 24.04ಕ್ಕೆ ದುಡ್ಡು ಕೊಡದೆ ಸಿಗುವುದು 5 ವರ್ಷ. ಅದೇನೂ ಕೆಟ್ಟದ್ದಲ್ಲ, ಆದರೆ ಇಬ್ಬರೇ ಇರುವ ಕಡೆ ಇನ್ನೊಂದು ಸಲ ಸರ್ವರ್ ಬದಲಿಸುವ ಕೆಲಸ ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು.

ಹಳೇಅಡ್ಮಿನ್:

ನಾನು ಇದನ್ನು ಸ್ವಲ್ಪ ಬೇರೆ ರೀತಿ ನೋಡುತ್ತೇನೆ. ರಾತ್ರಿ ಎರಡಕ್ಕೆ ಸರ್ವರ್ ನಿಂತರೆ ಎದ್ದು ನೋಡುವವರು ನೀವು, ಹಾಗಾಗಿ ನಿಮಗೆ ಏನು ಗೊತ್ತು ಅನ್ನುವುದಕ್ಕೆ ಬೆಲೆ ಇದೆ. ವಿಂಡೋಸ್‌ನಲ್ಲಿ ಟಾಮ್‌ಕ್ಯಾಟ್ ಸರ್ವೀಸ್ ಆಗಿ ವರ್ಷಗಟ್ಟಲೆ ಓಡುವುದನ್ನು ನಾನೇ ನೋಡಿದ್ದೇನೆ. ಆದರೆ ನಿಮ್ಮ ಅಪ್ಲಿಕೇಶನ್ ಆಗಲೇ ಲಿನಕ್ಸ್ ಮೇಲೆ ಪಳಗಿದೆ. ಕಲಿಯಬೇಕಾದದ್ದು ನೀವು ಮಾತ್ರ, ಅದನ್ನು ಬದಲಿಸಬೇಕಿಲ್ಲ. ಹಾಗಾಗಿ ಕೊನೆಗೆ ನನ್ನ ಮತವೂ ರಾಕಿಗೇ.

ಹೋಗುವಾಗ ಎರಡು ವಿಷಯ ನೋಡಿಕೊಳ್ಳಿ, ಎರಡರಲ್ಲೂ ನಾನು ಪೆಟ್ಟು ತಿಂದಿದ್ದೇನೆ. ಒಂದು ಪ್ರೋಸೆಸ್ ಎಷ್ಟು ಫೈಲ್ ತೆರೆಯಬಹುದು ಅನ್ನುವುದಕ್ಕೆ ಮಿತಿ ಇದೆ, ಸಾಮಾನ್ಯವಾಗಿ 1024. ಸಾಕೆಟ್‌ಗಳೂ (ನೆಟ್‌ವರ್ಕ್ ಸಂಪರ್ಕಗಳು) ಆ ಲೆಕ್ಕದಲ್ಲೇ ಬರುತ್ತವೆ. ನಾನು ಲಿಮಿಟ್ಸ್ ಫೈಲ್‌ನಲ್ಲಿ 65536 ಬರೆದು ನೆಮ್ಮದಿಯಾಗಿದ್ದೆ, ಆದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಶುರು ಮಾಡುವ ಸರ್ವೀಸ್ ಆ ಫೈಲನ್ನು ನೋಡುವುದೇ ಇಲ್ಲ, ಮಿತಿಯನ್ನು ಸರ್ವೀಸ್ ಫೈಲ್ ಒಳಗೇ ಬರೆಯಬೇಕು. ಇದು ಗೊತ್ತಾಗುವ ಹೊತ್ತಿಗೆ ಜನ ಜಾಸ್ತಿ ಬರುವ ದಿನವೇ ಸರ್ವರ್ ಕೈಕೊಟ್ಟಿತ್ತು. ಇನ್ನೊಂದು, ಮಿನಿಮಲ್ ಇನ್‌ಸ್ಟಾಲ್‌ನಲ್ಲಿ ಫಾಂಟ್‌ಗಳೇ ಇರುವುದಿಲ್ಲ. ಪಿಡಿಎಫ್ ರಿಪೋರ್ಟ್ ಇದ್ದರೆ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಮತ್ತು ಬೇಕಾದ ಫಾಂಟ್‌ಗಳನ್ನು ಮೊದಲೇ ಹಾಕಿಬಿಡಿ.

ಡಬ್ಬಿವಾಲ:

ಆಲ್ಪೈನ್ ಬಗ್ಗೆ ಯಾರೂ ಹೇಳಲಿಲ್ಲ. ಇಮೇಜ್ (ಕಂಟೇನರ್‌ನ ಮೂಲ ಫೈಲ್) ಚಿಕ್ಕದು ನಿಜ. ಆದರೆ ಅದರ ಸಿ ಲೈಬ್ರರಿ (ಪ್ರೋಗ್ರಾಂಗಳೆಲ್ಲ ನೆಚ್ಚಿಕೊಂಡಿರುವ ಮೂಲ ಲೈಬ್ರರಿ) ಮಸ್ಲ್, ಇಲ್ಲಿ ಹೇಳಿದ ಉಳಿದ ಲಿನಕ್ಸ್‌ಗಳದು ಜಿಲಿಬ್‌ಸಿ. ಓಪನ್‌ಜೆಡಿಕೆಗೆ (ಜಾವಾದ ಮುಕ್ತ ಆವೃತ್ತಿ) ಆಲ್ಪೈನ್ ಪೋರ್ಟ್ ಅಧಿಕೃತವಾಗಿ ಸೇರಿದ್ದು ಜಾವಾ 16ರಲ್ಲಿ, 2021ರಲ್ಲಿ. ಜಾವಾ 8 ಇಟ್ಟುಕೊಂಡು ಅಲ್ಲಿಂದ ಶುರು ಮಾಡಬೇಡಿ. ಯಾವುದಾದರೂ ಜಾರ್ ಒಳಗೆ ನೇಟಿವ್ ಲೈಬ್ರರಿ (ಜಾವಾ ಅಲ್ಲದೆ ನೇರವಾಗಿ ಓಎಸ್‌ಗೆ ಅಂತ ಕಟ್ಟಿದ್ದು) ಇದ್ದರೆ ಅದು ಲೋಡ್ ಆಗದೆ ಇರಬಹುದು.

ಯಾವ ಇಮೇಜ್ ತೆಗೆದುಕೊಂಡರೂ ಜಾವಾ 8ರ ಅಪ್‌ಡೇಟ್ ನಂಬರ್ ನೋಡಿ. 372ಕ್ಕಿಂತ ಹಳೆಯ ಓಪನ್‌ಜೆಡಿಕೆಗೆ ಸಿಗ್ರೂಪ್ ವಿ2 (ಕಂಟೇನರ್‌ಗೆ ಮೆಮೊರಿ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಅರ್ಥವಾಗುವುದಿಲ್ಲ, ಹೊಸ ಲಿನಕ್ಸ್‌ಗಳಲ್ಲಿ ಡೀಫಾಲ್ಟ್ ಇರುವುದು ಅದೇ. ನೀವು ಕಂಟೇನರ್‌ಗೆ 2 ಜಿಬಿ ಮಿತಿ ಹಾಕಿರುತ್ತೀರಿ, ಜೆವಿಎಂ (ಜಾವಾ ಓಡಿಸುವ ಪ್ರೋಗ್ರಾಂ) ಮಾತ್ರ ಹೊರಗಿನ ಮೆಷಿನ್‌ನಲ್ಲಿ 64 ಜಿಬಿ ಇದ್ದರೆ ಅದನ್ನೇ ನೋಡಿ ಅದರ ಕಾಲು ಭಾಗ, ಅಂದರೆ 16 ಜಿಬಿವರೆಗೆ ಹೀಪ್ (ಜಾವಾ ಡೇಟಾ ಇಡುವ ಮೆಮೊರಿ) ಬೆಳೆಸಬಹುದು ಅಂದುಕೊಳ್ಳುತ್ತದೆ. ಮಿತಿ ದಾಟಿದ ಕೂಡಲೇ ಕರ್ನಲ್ ಅದನ್ನು ಕೊಂದುಹಾಕುತ್ತದೆ. ಜಾವಾ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, 137 ಅನ್ನುವ ಎಕ್ಸಿಟ್ ಕೋಡ್ ಮಾತ್ರ ಉಳಿದಿರುತ್ತದೆ. ಒಂದೇ ವಾರ್ ಫೈಲ್‌ಗೆ ಸುಮ್ನೆ ಕಂಟೇನರ್ ಯಾಕೆ? ನೇರವಾಗಿ ವಿಎಂ ಮೇಲೆ ಹಾಕಿ.

ಹೊಸಸರ್ವರ್:

ತುಂಬಾ ಥ್ಯಾಂಕ್ಸ್. ವಿಂಡೋಸ್ ಬಿಟ್ಟೆ. ನಿನ್ನೆ ಪರೀಕ್ಷೆಗೆ ಅಂತ ಉಬುಂಟು, ರಾಕಿ ಎರಡನ್ನೂ ಹಾಕಿ ನೋಡಿದೆ. ಉಬುಂಟುವಿನಲ್ಲಿ ಪ್ಯಾಕೇಜ್‌ನಿಂದ ಟಾಮ್‌ಕ್ಯಾಟ್ ಹಾಕಿದೆ, ನಮ್ಮ ಅಪ್ಲಿಕೇಶನ್ ಶುರುವಾಗಲೇ ಇಲ್ಲ, ಕ್ಲಾಸ್ ಸಿಗುತ್ತಿಲ್ಲ ಅನ್ನುವ ಎರರ್. ರಾಕಿಯಲ್ಲಿ ಅದೇ ವಾರ್ ಸರಿಯಾಗಿ ಓಡಿತು. ಯಾಕೆ?

ರಾತ್ರಿಪಾಳಿ:

ಉಬುಂಟು 24.04 ಕೊಡುವುದು ಟಾಮ್‌ಕ್ಯಾಟ್ 10. ಆ ಆವೃತ್ತಿಯಿಂದ ಸರ್ವ್ಲೆಟ್ (ವೆಬ್ ಕೋರಿಕೆಗೆ ಉತ್ತರಿಸುವ) ಕ್ಲಾಸ್‌ಗಳ ಪ್ಯಾಕೇಜ್ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ, ನಿಮ್ಮ ಕೋಡ್ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿದೆ. ರಾಕಿ 9ರ ಪ್ಯಾಕೇಜ್ ಟಾಮ್‌ಕ್ಯಾಟ್ 9, ಅದಕ್ಕೇ ಓಡಿತು. ಉಬುಂಟುವೇ ಬೇಕು ಅಂದಿದ್ದರೂ ಅಪಾಚೆ ಸೈಟ್‌ನಿಂದ ಟಾಮ್‌ಕ್ಯಾಟ್ 9 ಇಳಿಸಿಕೊಂಡು ಹಾಕಬಹುದಿತ್ತು.

ಹೀಪ್ ಅನ್ನು ನೀವೇ ಹೇಳಿ, ಡೀಫಾಲ್ಟ್‌ಗೆ ಬಿಟ್ಟರೆ 8 ಜಿಬಿಯಲ್ಲಿ ಸುಮಾರು 2 ಜಿಬಿಯಷ್ಟೇ ಸಿಗುತ್ತದೆ. 4 ಜಿಬಿಯಿಂದ ಶುರು ಮಾಡಿ, ಉಳಿದದ್ದು ಥ್ರೆಡ್‌ಗಳಿಗೆ, ಮೆಟಾಸ್ಪೇಸ್‌ಗೆ (ಕ್ಲಾಸ್‌ಗಳ ವಿವರ ಇಡುವ ಮೆಮೊರಿ) ಮತ್ತು ಓಎಸ್‌ಗೆ ಇರಲಿ. ಒಂದು ವಾರ ಜಿಸಿ ಲಾಗ್ (ಜಾವಾ ಮೆಮೊರಿ ತೆರವು ಮಾಡಿದ ದಾಖಲೆ) ನೋಡಿ ಆಮೇಲೆ ಬದಲಿಸಿ.

ಹೊಸಸರ್ವರ್:

ಸರಿ, ರಾಕಿ 9 ಅಂತ ತೀರ್ಮಾನ ಮಾಡಿದೆ. ಫೈಲ್ ಮಿತಿ ಸರ್ವೀಸ್ ಫೈಲ್‌ನಲ್ಲೇ ಬರೆದೆ. ಹಳೇಅಡ್ಮಿನ್ ಸರ್, ಫಾಂಟ್ ವಿಷಯ ನೀವು ಹೇಳಿದ ಹಾಗೇ ಆಯಿತು, ಮೊದಲ ಪಿಡಿಎಫ್‌ಗೇ ಎರರ್ ಬಂತು, ಫಾಂಟ್‌ಕಾನ್ಫಿಗ್ ಹಾಕಿದ ಮೇಲೆ ಸರಿಹೋಯಿತು. ಶನಿವಾರ ರಾತ್ರಿ ಬದಲಾಯಿಸುತ್ತೇವೆ.

ಹಳೇಅಡ್ಮಿನ್:

ಹಳೆಯ ವಿಎಂ ಆಫ್ ಮಾಡಿ, ಅಳಿಸಬೇಡಿ. ತಿಂಗಳ ಕೊನೆಯ ರಿಪೋರ್ಟ್‌ಗಳೆಲ್ಲ ಹೊಸದರಲ್ಲಿ ಒಂದು ಸಲ ಬರುವವರೆಗೆ ಇರಲಿ.