ಜನರೇಟರ್ ಟ್ರೇಲರ್ ಎಳ್ಯಾಕ ಪಿಕಪ್: ಡೀಸೆಲ್ ತಗೋಬೇಕೋ, ಪೆಟ್ರೋಲ್–ಸಿಎನ್‌ಜಿ ಸಾಕೋ?

ಮುಧೋಳ ಲೈಟಿಂಗ್:

ಎಲ್ಲಾರಿಗೂ ನಮಸ್ಕಾರ್ರೀ. ಮದುವಿ, ಜಾತ್ರಿ ಕೆಲಸಕ್ಕ ಎರಡು ಗಾಲಿ ಟ್ರೇಲರ್ ಮ್ಯಾಲ ಕುಂಡ್ರಿಸಿದ 30 ಕೆವಿಎ ಜನರೇಟರ್ ಐತಿ. ಕಾಟಾ ಮಾಡಿಸಿದ್ರ ಟ್ರೇಲರ್ ಸಮೇತ 1,400 ಕೆಜಿ. ಇದನ್ನ ಎಳ್ಯಾಕ ಒಂದು ಪಿಕಪ್ ಬೇಕಾಗೇತಿ. ಬಾಡಿಯೊಳಗ ಕೇಬಲ್, ಲೈಟಿನ ಸಾಮಾನು, ಮುಂದ ಇಬ್ಬರು ಮಂದಿ, ಎಲ್ಲಾ ಕೂಡಿ ಇನ್ನೊಂದು 300 ಕೆಜಿ.

ಓಡಾಟ ಹೆಚ್ಚಿಗೆ ಜಮಖಂಡಿ, ಮಹಾಲಿಂಗಪುರ, ಲೋಕಾಪುರ, ಬಾಗಲಕೋಟಿ, ಅಂದ್ರ ಒಂದು ಕಡೆಗೆ 20ರಿಂದ 60 ಕಿ.ಮೀ. ಜಾತ್ರಿ ಟೈಮಿಗೆ ಬಾದಾಮಿ ಬನಶಂಕರಿ. ತಿಂಗಳಿಗೆ ಒಂದೆರಡು ಸಲ ಬೆಳಗಾವಿ, ಸಂಕೇಶ್ವರ, ಅಂದ್ರ ವಂಟಮೂರಿ ಘಾಟ್ ಬರತೈತಿ. ವರ್ಷಕ್ಕ 9,000 ಕಿ.ಮೀ. ಅದರಾಗ ಟ್ರೇಲರ್ ಕಟ್ಟಿ 5,000, ಖಾಲಿ 4,000. ಮಳಿಗಾಲದಾಗ ಗಾಡಿ ನಿಂತಿರತೈತಿ.

ನೋಡಿಟ್ಟಿದ್ದು ಮೂರು: 1.2 ಲೀಟರ್ ಪೆಟ್ರೋಲ್–ಸಿಎನ್‌ಜಿ ಟಾಟಾ ಇಂಟ್ರಾ ವಿ20, 1.5 ಲೀಟರ್ ಡೀಸೆಲ್ ವಿ30, ಮತ್ತ 2.5 ಲೀಟರ್ ಮಹೀಂದ್ರಾ ಬೊಲೆರೊ ಪಿಕಪ್ (ಡೀಸೆಲ್). ಡೀಸೆಲ್ ತಗೊಂಡ್ರ ಡಿಪಿಎಫ್ (ಹೊಗಿಯ ಮಸಿ ಹಿಡಿಯೋ ಫಿಲ್ಟರ್) ಕಟ್ಟಿಕೊಂಡು ನಿಲ್ಲತೈತಿ ಅಂತಾರ. ಪೆಟ್ರೋಲ್ ತಗೊಂಡ್ರ ಏರಿನ್ಯಾಗ ಉಸಿರು ಹಿಡಿತೈತಿ ಅಂತಾರ. ಯಾವುದು ಖರೆ? ಬಲ್ಲವರು ಲೆಕ್ಕ ಸಮೇತ ಹೇಳ್ರಿ.

---

ಕಾಟಾ ಚೀಟಿ:

ಲೆಕ್ಕ ಕೇಳಿದ್ದೀರಿ, ಅದರಿಂದಲೇ ಶುರು ಮಾಡೋಣ ಅಣ್ಣಾರ.

ಗಾಡಿಯ ಸ್ವಂತ ತೂಕ ಸುಮಾರು 1,300, ಟ್ರೇಲರ್ 1,400, ಸಾಮಾನು–ಮಂದಿ 300. ಒಟ್ಟು 3,000 ಕೆಜಿ. 100 ಮೀಟರ್‌ಗೆ 6 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗ ಹಿಡಿದು ಹೋಗಬೇಕು ಅಂತಿಟ್ಟುಕೊಳ್ಳಿ. ಏರಿಗೆ ಬೇಕಾದ ಎಳೆತ ಸುಮಾರು 1,770 ನ್ಯೂಟನ್, ಟಯರ್ ಉರುಳುವಿಕೆಗೆ 440, ಗಾಳಿಗೆ 200. ಕೂಡಿದರೆ 2,400. ಇದನ್ನು ಸೆಕೆಂಡಿಗೆ 11.1 ಮೀಟರ್‌ನಿಂದ ಗುಣಿಸಿದರೆ ಗಾಲಿಯ ಹತ್ತಿರ ಸುಮಾರು 27 ಕಿಲೋವ್ಯಾಟ್. ಗೇರ್‌ಬಾಕ್ಸ್, ಆಕ್ಸಲ್‌ನಲ್ಲಿ ಹೋಗುವುದನ್ನು ಸೇರಿಸಿದರೆ ಎಂಜಿನ್ 30 ಕಿಲೋವ್ಯಾಟ್ ಕೊಡಬೇಕು, ಅಂದರೆ 40 ಎಚ್‌ಪಿ.

ಈಗ ಆ 30 ಕಿಲೋವ್ಯಾಟ್ ಯಾವ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿಗೆ ಕೊಡುತ್ತದೆ ನೋಡಿ. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ನ್ಯೂಟನ್ ಮೀಟರ್‌ನಲ್ಲಿ, ಗುಣಿಸು ಸುತ್ತು, ಭಾಗಿಸು 9,549, ಬರುವುದು ಕಿಲೋವ್ಯಾಟ್. ವಿ20 ಪೆಟ್ರೋಲ್‌ನಲ್ಲಿ 106 ನ್ಯೂಟನ್ ಮೀಟರ್. 2,000 ಸುತ್ತಿಗೆ ಸಿಗುವುದು 22 ಕಿಲೋವ್ಯಾಟ್ ಮಾತ್ರ, 30 ಬೇಕಾದರೆ 3,000ದ ಹತ್ತಿರ ಹಿಡಿದಿರಬೇಕು. ಸಿಎನ್‌ಜಿಯಲ್ಲಿ ಅದು 95ಕ್ಕೆ ಇಳಿಯುತ್ತದೆ, ಹಾಗಾಗಿ 3,200 ದಾಟಬೇಕು. ವಿ30ಯ 140ಕ್ಕೆ 2,100 ಸುತ್ತು ಸಾಕು. ಬೊಲೆರೊದ 195ಕ್ಕೆ 1,500. ಅದರ ಸ್ವಂತ ತೂಕ ಹೆಚ್ಚು ಅಂತ ಸ್ವಲ್ಪ ಸೇರಿಸಿದರೂ 1,800 ದಾಟುವುದಿಲ್ಲ.

ಹಾಗಾಗಿ ಪೆಟ್ರೋಲ್ ಎಳೆಯುವುದೇ ಇಲ್ಲ ಅನ್ನುವುದು ತಪ್ಪು. ಎಳೆಯುತ್ತದೆ, ಆದರೆ ಏರು ಮುಗಿಯುವ ತನಕ ಅರಚಿಸಿಕೊಂಡೇ ಹೋಗಬೇಕು. ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿ ವೇಗ 15ಕ್ಕೆ ಬಿತ್ತೋ, ಸುತ್ತು ಕುಸಿಯುತ್ತದೆ, ಒಂದನೇ ಗೇರು, ಅರ್ಧ ಕ್ಲಚ್. ಆ ಅರ್ಧ ಕ್ಲಚ್ಚೇ ಪ್ಲೇಟ್ ತಿನ್ನುವುದು. ಡೀಸೆಲ್ ಇಲ್ಲಿ ಗೆಲ್ಲುವುದು ಎಚ್‌ಪಿಯಿಂದಲ್ಲ, ಕಡಿಮೆ ಸುತ್ತಿನಲ್ಲಿ ಟರ್ಬೊ ಕೊಡುವ ಟಾರ್ಕ್‌ನಿಂದ.

ಒಂದು ಮಾತು. ಅಮೆರಿಕದ ವಿಡಿಯೊ ನೋಡಿ "ಪೆಟ್ರೋಲ್ ಪಿಕಪ್ ಕೂಡ ಟ್ರೇಲರ್ ಆರಾಮ ಎಳೆಯುತ್ತೆ" ಅನ್ನುವವರಿದ್ದಾರೆ. ಅಲ್ಲಿ ಫೋರ್ಡ್ ಸೂಪರ್ ಡ್ಯೂಟಿಗೆ ಹಾಕುವ ಪೆಟ್ರೋಲ್ ಎಂಜಿನ್ 7.3 ಲೀಟರ್ ವಿ8, ಸುಮಾರು 640 ನ್ಯೂಟನ್ ಮೀಟರ್. ನಮ್ಮಲ್ಲಿ ಅಂಥ ಪೆಟ್ರೋಲ್ ಪಿಕಪ್ ಮಾರಾಟಕ್ಕೇ ಇಲ್ಲ. ದೊಡ್ಡವು, ಅಂದರೆ ಹೈಲಕ್ಸ್, ವಿ-ಕ್ರಾಸ್, ಎಲ್ಲಾ ಡೀಸೆಲ್ಲೇ. ಇಲ್ಲಿ ಪೆಟ್ರೋಲ್ ಅಂದರೆ ಸಣ್ಣ ಎಂಜಿನ್ ಅಂತಲೇ ಅರ್ಥ.

---

ತಿಕೋಟಾ ಗಾಡಿ:

ಸರ್, ಡಿಪಿಎಫ್ ಬಗ್ಗೆ ಮಂದಿ ಅರ್ಧಾ ಮಾತು ಹೇಳ್ತಾರ. ಅದು ಕಟ್ಟೋದು ಸಣ್ಣ ದೂರಕ್ಕಲ್ಲ, ತಣ್ಣಗಿನ ಸೈಲೆನ್ಸರಿಗೆ. ಫಿಲ್ಟರ್‌ದಾಗ ಕುಂತ ಮಸಿ ಸುಟ್ಟು ಹೋಗಬೇಕಂದ್ರ ಒಳಗ 600 ಡಿಗ್ರಿ ಸಮೀಪ ಕಾವು ಬೇಕು. ಖಾಲಿ ಗಾಡಿ ಊರಾಗ ಎರಡು ಎರಡು ಕಿ.ಮೀ. ಓಡಿಸಿ ಬಂದ್ ಮಾಡಿದ್ರ ಆ ಕಾವು ಎಂದೂ ಬರಂಗಿಲ್ಲ. 1,400 ಕೆಜಿ ಕಟ್ಟಿಕೊಂಡು 30 ಕಿ.ಮೀ. ಹೋಗೋ ಎಂಜಿನ್ನಿನ ಹೊಗಿ ತಾನಾಗೇ ಕಾದಿರ್ತದ. ನಿಮ್ಮ ಲೋಡೇ ನಿಮ್ಮ ಫಿಲ್ಟರ್ ಕಾಯ್ತದ. ನಿಮಗ ಕಷ್ಟ ಕೊಡೋದು ಆ ಖಾಲಿ 4,000 ಕಿ.ಮೀ. ಬಜಾರಕ್ಕ, ಬಲ್ಬ್ ತರಾಕ ಆ ಗಾಡಿ ಒಯ್ಯಬ್ಯಾಡ್ರಿ, ಅದಕ್ಕ ಬೈಕ್ ಸಾಕು.

ಗಾಡಿ ತಾನೇ ಮಸಿ ಸುಡೋ ಮುಂದ ಗುರುತು ಸಿಗ್ತದ: ನಿಂತಲ್ಲೇ ಸುತ್ತು 100–200 ಏರ್ತದ, ಫ್ಯಾನ್ ಜೋರಾಗ್ತದ, ಕಾದ ಕಬ್ಬಿಣದ ವಾಸನಿ ಬರ್ತದ. ಆವಾಗ ಕೀಲಿ ತಿರುವಿ ಬಂದ್ ಮಾಡಬ್ಯಾಡ್ರಿ, 15–20 ಮಿನಿಟು ಓಡಿಸ್ರಿ. ಡಿಪಿಎಫ್ ಲೈಟ್ ಹತ್ತಿದ್ರೂ ಅದ ಕೆಲಸ: ಒಂದು ಗೇರ್ ಕಡಿಮಿ ಹಾಕಿ, 2,000 ಮ್ಯಾಲ ಸುತ್ತು ಇಟ್ಟು, 50–60ರ ವೇಗದಾಗ 20 ಮಿನಿಟು. ಹಂಗೇ ಬಿಟ್ರ ಗಾಡಿ ಎಳಿಯೋದು ಕಡಿಮಿ ಮಾಡ್ತದ, ಆಮ್ಯಾಲ ಲ್ಯಾಪ್‌ಟಾಪ್ ಹಚ್ಚಿಯೇ ಸುಡಿಸಬೇಕು.

ಅರ್ಧಕ್ಕ ಬಂದ್ ಮಾಡೋದರ ಇನ್ನೊಂದು ನಷ್ಟ ಯಾರೂ ಹೇಳಂಗಿಲ್ಲ. ಕಾವು ಏರಿಸಾಕ ಎಂಜಿನ್ ಹೆಚ್ಚಿಗಿ ಡೀಸೆಲ್ ಸಿಂಪಡಿಸ್ತದ, ಅದರಾಗ ಸ್ವಲ್ಪ ಸಿಲಿಂಡರ್ ಗ್ವಾಡಿಗೆ ಹತ್ತಿ ಆಯಿಲಿಗೆ ಇಳಿತದ. ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡ್ರಿ. ಆಯಿಲ್ ಕಡಿಮಿ ಆಗೋ ಬದಲು ಮ್ಯಾಲಿನ ಗೆರಿ ದಾಟಿ ಏರಿದ್ರ, ಮೂಗಿಗೆ ಹಿಡಿದ್ರ ಡೀಸೆಲ್ ವಾಸನಿ ಬಂದ್ರ, ಕಿ.ಮೀ. ಆಗಿಲ್ಲ ಅಂತ ಕಾಯಬ್ಯಾಡ್ರಿ, ಬದಲಿ ಮಾಡ್ರಿ. ತೆಳ್ಳಗಾದ ಆಯಿಲ್ ಮೊದಲು ತಿನ್ನೋದು ಟರ್ಬೊ ಮತ್ತ ಬೇರಿಂಗ್. ಹಾಕೋ ಆಯಿಲ್ ಕಂಪನಿ ಪುಸ್ತಕದಾಗ ಬರೆದ, ಡಿಪಿಎಫ್‌ಗೆ ಹೊಂದೋದೇ ಇರಬೇಕು. ಹಳೆ ಗಾಡಿಯ ಆಯಿಲ್ ಹಾಕಿದ್ರ ಅದರ ಬೂದಿ ಫಿಲ್ಟರ್‌ದಾಗ ಕುಂದರ್ತದ. ಮಸಿ ಸುಡ್ತದ, ಬೂದಿ ಸುಡಂಗಿಲ್ಲ.

ಮತ್ತ ಕೇಳ್ರಿ, ಮಸಿ ಸುಡೋ ಹೊತ್ತಿನ್ಯಾಗ ಗಾಡಿ ಕಬ್ಬಿನ ರವದಿ ಮ್ಯಾಲ, ಕಣಕಿ ಮ್ಯಾಲ ನಿಲ್ಲಿಸಬ್ಯಾಡ್ರಿ. ಹೊಲದ ಬಾಜು ಮಂಟಪ ಹಾಕೋ ಕೆಲಸ ನಿಮ್ದು. ಸೈಲೆನ್ಸರ್ ಕೆಳಗ ಒಣಾ ರವದಿ ಇದ್ರ ಬೆಂಕಿ ಹತ್ತಾಕ ಕಿಡಿ ಬೇಕಾಗಿಲ್ಲ.

ಡಿಇಎಫ್ (ಹೊಗಿ ಶುದ್ಧ ಮಾಡಾಕ ಬ್ಯಾರೆ ಟ್ಯಾಂಕಿಗೆ ಹಾಕೋ ದ್ರವ) ಕೇಳೋ ಮಾಡೆಲ್ ತಗೊಂಡ್ರ ಡಬ್ಬಿದೇ ಹಾಕ್ರಿ. ಅದು ಶುದ್ಧ ನೀರಾಗ 32.5 ಪರ್ಸೆಂಟ್ ಶುದ್ಧ ಯೂರಿಯಾ. ಗೊಬ್ಬರದ ಯೂರಿಯಾ ನೀರಾಗ ಕರಗಿಸಿ ಹಾಕಿದ್ರ ನಾಜಲ್ ಕಟ್ಟಿ ಕೂತುಬಿಡ್ತದ.

---

ನವನಗರ ಸೆಕ್ಟರ್:

ರೊಕ್ಕದ ಬದಿಯಿಂದಲೂ ನೋಡ್ರಿ. ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿರಿ, ನಿಮ್ಮ ಪಂಪಿನ ಇವತ್ತಿನ ದರ ಹಾಕಿ ತಿದ್ದಿಕೊಳ್ರಿ. ಎವರೇಜ್ (ಲೀಟರಿಗೆ ಕಿ.ಮೀ.) ಟ್ರೇಲರ್ ಕಟ್ಟಿದಾಗ ಪೆಟ್ರೋಲ್ 9, ಡೀಸೆಲ್ 12. ಖಾಲಿ ಇದ್ದಾಗ 15 ಮತ್ತ 18 ಅಂತಿಟ್ಟುಕೊಳ್ರಿ. ವರ್ಷಕ್ಕ ಪೆಟ್ರೋಲ್ 822 ಲೀಟರ್, ಸುಮಾರು 84,700 ರೂಪಾಯಿ. ಡೀಸೆಲ್ 639 ಲೀಟರ್, ಸುಮಾರು 58,100. ಉಳಿತಾಯ 26,600. ಎರಡು ಗಾಡಿ ನಡುವ 1 ಲಕ್ಷ ವ್ಯತ್ಯಾಸ ಇದ್ರ ಅದು ತಿರುಗಿ ಬರಾಕ ನಾಲ್ಕು ವರ್ಷ, 2 ಲಕ್ಷ ಇದ್ರ ಏಳೂವರಿ ವರ್ಷ. ಕೊಟೇಶನ್ ಎರಡೂ ಕೈಯಾಗ ಹಿಡಕೊಂಡು ಕೂಡ್ರಿ.

ಹಂಗಾಗಿ 600–700 ಕೆಜಿ ಟ್ರೇಲರ್ ಆಗಿದ್ರ ಸಿಎನ್‌ಜಿ ತಗೋರಿ ಅಂತಿದ್ದೆ. 1,400ಕ್ಕ ಹೇಳಂಗಿಲ್ಲ. ಸಿಎನ್‌ಜಿ ಆದ್ರ ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಆಗಬೇಕು, ಸೀಜನ್ನಿನ್ಯಾಗ ಪಂಪಿನ ಪಾಳಿ ಬ್ಯಾರೆ. ಪೆಟ್ರೋಲ್ ಈಗ 20 ಪರ್ಸೆಂಟ್ ಎಥೆನಾಲ್. ನಮ್ಮ ಜಿಲ್ಲಾದ ಕಬ್ಬಿಗೆ ಅದು ಛಲೋ ಸುದ್ದಿ, ಖರೆ, ಆದ್ರ ಲೀಟರಿನ ಶಕ್ತಿ ಸಾದಾ ಪೆಟ್ರೋಲಿಗಿಂತ 6–7 ಪರ್ಸೆಂಟ್ ಕಡಿಮಿ ಬೀಳತೈತಿ. ಮಳಿಗಾಲ ಪೂರಾ ನಿಂತ ಟ್ಯಾಂಕಿನ್ಯಾಗ ಅದು ಗಾಳಿಯ ತೇವಾನೂ ಎಳಕೊಳತೈತಿ.

---

ವಂಟಮೂರಿ ಏರು:

ಎಲ್ಲಾರೂ ಏರಿದ್ದೇ ಹೇಳಾಕತ್ತೀರಿ, ನಾ ಇಳಕಲಿನ ಮಾತು ಹೇಳತೀನಿ. ಜೀವ ಹೋಗೋದು ಅಲ್ಲೇ.

ಆಕ್ಸಿಲೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್ನಿನ ಗಾಳಿ ಬಾಯಿ ಮುಚ್ಚತೈತಿ, ಅದಕ್ಕ ಅದು ತಡೀತೈತಿ. ಡೀಸೆಲ್‌ದಾಗ ಬಾಯಿ ಹಂಗ ಮುಚ್ಚಂಗಿಲ್ಲ, ಒತ್ತಿದ ಗಾಳಿ ಸ್ಪ್ರಿಂಗಿನಂಗ ತಿರುಗಿ ಪಿಸ್ಟನ್ ತಳ್ಳತೈತಿ. ಲಾರಿಗೆ ಎಕ್ಸಾಸ್ಟ್ ಬ್ರೇಕ್ ಇರತೈತಿ, ಈ ಪಿಕಪ್ಪಿಗೆ ಇರಂಗಿಲ್ಲ. ಡೀಸೆಲ್ ತಗೊಂಡ್ರ ಘಾಟ್ ಶುರು ಆಗೋಕಿಂತ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಇಳಿಸ್ರಿ. ನಡು ಇಳಕಲಿನ್ಯಾಗ ಗೇರ್ ಹುಡುಕಬ್ಯಾಡ್ರಿ.

1,400 ಕೆಜಿಗೆ ಟ್ರೇಲರಿಗೆ ಸ್ವಂತ ಬ್ರೇಕ್ ಬೇಕೇ ಬೇಕು. ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ತಳ್ಳತೈತಲ್ಲಾ, ಆ ತಳ್ಳೋ ಬಲದಿಂದಲೇ ಬೀಳೋ ಓವರ್‌ರನ್ ಬ್ರೇಕ್ ಸಾಕು. ರಿವರ್ಸ್ ಹೊಡಿಯೋ ಮುಂದ ಅದರ ಲಾಕ್ ಹಾಕೋದು ನೆನಪಿರಲಿ.

ಹುಕ್ಕಿನ ಮ್ಯಾಲ ಬೀಳೋ ಭಾರ ಟ್ರೇಲರಿನ 10ರಿಂದ 15 ಪರ್ಸೆಂಟ್ ಇರಬೇಕು. ನಿಮಗ 140ರಿಂದ 210 ಕೆಜಿ. ಅಡತಿ ಅಂಗಡಿಯ ಪ್ಲಾಟ್‌ಫಾರ್ಮ್ ಕಾಟಾ ಮ್ಯಾಲ ಕಟಗಿ ದಿಮ್ಮಿ ಇಟ್ಟು, ಟ್ರೇಲರಿನ ಮೂಗು ಹುಕ್ಕಿನ ಎತ್ತರಕ್ಕೇ ಅದರ ಮ್ಯಾಲ ಕುಂಡ್ರಿಸಿ ತೂಗ್ರಿ, ದಿಮ್ಮಿ ತೂಕ ಕಳೀರಿ. 100ಕ್ಕಿಂತ ಕಡಿಮಿ ಬಂದ್ರ 60 ದಾಟಿದ ಕೂಡಲೇ ಟ್ರೇಲರ್ ಬಾಲ ಅಲ್ಲಾಡಿಸಾಕ ಹತ್ತತೈತಿ. ಜನರೇಟರಿನ ಬೋಲ್ಟ್ ಬಿಚ್ಚಿ, ಎಂಜಿನ್ ಬದಿ ಮುಂದ ಬರೋ ಹಂಗ ಸರಿಸ್ರಿ. ಹೆಚ್ಚಾದ್ರ ಪಿಕಪ್ಪಿನ ಹಿಂದಿನ ಪಾಟಾ ಕುಸಿದು ಮುಂದಿನ ಗಾಲಿ ಹಗುರ ಆಗತೈತಿ, ಸ್ಟೇರಿಂಗ್ ತೇಲತೈತಿ.

ಹುಕ್ಕ ಚಾಸಿಗೆ ವೆಲ್ಡಿಂಗ್ ಮಾಡಿಸಬ್ಯಾಡ್ರಿ, ಕಾದ ಜಾಗಾದಾಗೇ ಮುಂದ ಬಿರುಕು ಬಿಡೋದು. ಪ್ಲೇಟ್ ಇಟ್ಟು 8.8 ಅಥವಾ 10.9 ಗ್ರೇಡ್ ಬೋಲ್ಟ್ ಹಾಕಿಸ್ರಿ. ಟ್ರ್ಯಾಕ್ಟರಿನ ಪಿನ್ನು–ಬಳಿ ಜೋಡಣಿಯೊಳಗ ಸಡಿಲ ಇರತೈತಿ, ಪ್ರತಿ ಗೇರಿಗೆ ಧಡ್ ಅಂತ ಬಡಿತೈತಿ. ಬಾಲ್ ಜೋಡಣಿ ಛಲೋ. ಕೆಳಗ ಎರಡು ಸರಪಳಿ ಕತ್ತರಿ ಹಾಕಿ ಕಟ್ಟರಿ, ಹುಕ್ಕ ಕಳಚಿದ್ರೂ ಮೂಗು ನೆಲಕ್ಕ ಬೀಳದಂಗ ಅದು ಹಿಡಿತೈತಿ.

ಕಾಗದಪತ್ರ: ಟ್ರೇಲರಿಗೆ ಬ್ಯಾರೆ ನೋಂದಣಿ ಬೇಕು, ವಿಮಾ ಪಾಲಿಸಿಯೊಳಗ ಟ್ರೇಲರನ್ನೂ ಬರೆಸಿರಬೇಕು. ಗಾಡಿ ಬುಕ್ ಮಾಡೋಕಿಂತ ಮೊದಲು, ಕಂಪನಿ ಎಷ್ಟು ಎಳ್ಯಾಕ ಒಪ್ಪಿಗಿ ಕೊಟ್ಟೈತಿ ಅನ್ನೋದನ್ನ ಬರವಣಿಗಿಯೊಳಗ ಕೇಳಿ ಇಸಕೊಳ್ರಿ. ಒಪ್ಪಿಗಿ ಇಲ್ಲಂದ್ರ ಟ್ರೇಲರ್ ಯೋಚನಿ ಬಿಟ್ಟು, ಜನರೇಟರನ್ನ ದೊಡ್ಡ ಪಿಕಪ್ಪಿನ ಬಾಡಿಯೊಳಗೇ ಕಾಯಂ ಕುಂಡ್ರಿಸೋದು ಸುರಕ್ಷಿತ. ಆವಾಗ ಬೊಲೆರೊ, ಯೋಧಾ ಇಂಥಾವ ನೋಡಬೇಕು.

---

ಮುಧೋಳ ಲೈಟಿಂಗ್:

ಭಾಳ ಉಪಕಾರ ಆತ್ರೀ. ಡೀಸೆಲ್ ಅಂತ ಮನಸ್ಸು ಗಟ್ಟಿ ಆತು, ಅದರಾಗೂ 2.5 ಲೀಟರ್. ಎರಡು ಕೇಳೋದು ಉಳದೈತಿ. ಡಿಪಿಎಫ್ ಗೊಡವಿನೇ ಬ್ಯಾಡಂತ ಹಳೆ ಬಿಎಸ್4 (ಹಿಂದಿನ ಹೊಗಿ ನಿಯಮದ) ಗಾಡಿ ತಗೊಂಡ್ರ ಹೆಂಗ? ಇನ್ನೊಂದು, ಜನರೇಟರಿಗೆ ತರೋ ಬ್ಯಾರಲ್ ಡೀಸೆಲ್ಲೇ ಗಾಡಿಗೂ ಹಾಕಬಹುದೇನು?

---

ತಿಕೋಟಾ ಗಾಡಿ:

ಎರಡನೇದಕ್ಕ ಮೊದಲು ಉತ್ತರ: ಹಾಕಬ್ಯಾಡ್ರಿ. ಈಗಿನ ಕಾಮನ್‌ರೈಲ್ ಪಂಪ್ 1,600 ಬಾರ್ ಮ್ಯಾಲ ಒತ್ತಡ ಹಾಕ್ತದ, ಇಂಜೆಕ್ಟರಿನ ತೂತು ಕೂದಲ ಎಳಿಗೆ ಸಮ. ಬ್ಯಾರಲ್ ತಳದ ತುಕ್ಕು, ನೀರು ಜನರೇಟರಿನ ಹಳೆ ಪಂಪ್ ಸಹಿಸಬಹುದು, ಇದು ಸಹಿಸಂಗಿಲ್ಲ. ಗಾಡಿಗೆ ನೇರ ಪಂಪಿನಿಂದಲೇ ಹಾಕಿಸ್ರಿ. ಫಿಲ್ಟರ್ ಕೆಳಗಿನ ನೀರಿನ ತಿರುಪು ತಿಂಗಳಿಗೊಮ್ಮೆ ಸಡಿಲ ಮಾಡಿ ಗಾಜಿನ ಲೋಟಾದಾಗ ಹಿಡಿರಿ. ಕೆಳಗ ಹನಿ ಹನಿ ಬ್ಯಾರೆ ಕುಂತ್ರ ಅದು ನೀರು. ಬರೇ ಡೀಸೆಲ್ ಬರೋ ತನಕ ಬಿಡ್ರಿ.

ಬಿಎಸ್4 ಮಾರಾಟ 2020ರ ಮಾರ್ಚಿಗೆ ನಿಂತದ, ಅಂದ್ರ ಎಲ್ಲಾ ಹಳೇವು. ಎಂಟು ವರ್ಷ ದಾಟಿದ್ರ ಫಿಟ್‌ನೆಸ್ ವರ್ಷಾ ವರ್ಷಾ ಮಾಡಿಸಬೇಕು. ತಗೊಂಡ್ರ ಮುಂಜಾನೆ ತಣ್ಣಗಿದ್ದಾಗೇ ಹೋಗಿ ಚಾಲು ಮಾಡಿಸ್ರಿ, ಮೊದಲೇ ಕಾಯಿಸಿ ಇಟ್ಟಿದ್ರ ಹೊಳ್ಳಿ ಬರ್ರಿ. ಎಂಜಿನ್ ನಡೆದಾಗ ಆಯಿಲ್ ಮುಚ್ಚಳ ತೆಗೆದು ಅಲ್ಲೇ ಬೋರಲಾಗಿ ಇಡ್ರಿ. ಸ್ವಲ್ಪ ಅಲುಗಾಡಿದ್ರ ನಡೀತದ, ಕುಣಿದು ಹಾರಿದ್ರ ರಿಂಗ್ ಹೋಗ್ಯಾವ. ಮೂರನೇ ಗೇರಿನ್ಯಾಗ ಏರಿಗೆ ಹಚ್ಚಿ ಪೂರ್ತಿ ತುಳೀರಿ: ಸುತ್ತು ಏರಿ ವೇಗ ಏರದಿದ್ರ ಕ್ಲಚ್ ಪ್ಲೇಟ್ ತೀರ್ಯದ, ಆ ಖರ್ಚು ಬೆಲಿಯೊಳಗ ಮುರಿಸ್ರಿ.

---

ಕಾಟಾ ಚೀಟಿ:

ಮಳೆಗಾಲದಲ್ಲಿ ನಿಲ್ಲಿಸುವಾಗ ಡೀಸೆಲ್ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗ ಇದ್ದರೆ ಒಳಗೆ ತೇವ ಹನಿಗಟ್ಟುತ್ತದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಹದಿನೈದು ದಿನಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಚಾಲು ಮಾಡುವುದರಿಂದ ಮಸಿ ಕೂರುವುದೇ ಹೊರತು ಉಪಯೋಗವಿಲ್ಲ. ಲೋಕಾಪುರದ ತನಕ ಹೋಗಿ ಬನ್ನಿ, ಅಷ್ಟು ಸಾಕು. ಸೀಜನ್ನಿಗೆ ಮೊದಲು ರೇಡಿಯೇಟರ್ ಜಾಲರಿಯನ್ನು ಒಳಗಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ. ಹೊರಗಿಂದ ಬಿಟ್ಟರೆ ಧೂಳು ಇನ್ನೂ ಒಳಗೆ ಕೂರುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ ಈ ಭಾರ ಎಳೆಯುವಾಗ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಬಂದ್ ಮಾಡಿ, ಬದಿಗೆ ನಿಲ್ಲಿಸಿ, ಎಂಜಿನ್ ಮಾತ್ರ ಎರಡು ನಿಮಿಷ ನಡೆಯಲು ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿಯುವುದು ನಿಲ್ಲಬಾರದು.